ಹೊಟ್ಟೆಯ ಮೇಲಿನ ಚೀಲ, ಕೈಯಲ್ಲಿನ ಫೋನು ಮತ್ತು ಗ್ರಾಮ ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ. ಎಲ್ಲ ಸದಸ್ಯರ ಮಾಹಿತಿಗಾಗಿ ಪ್ರಕಟಿಸಲಾಗಿದೆ.)



ಕುಡಿಯುವ ನೀರು, ಬೀದಿ ದೀಪ, ತೆರಿಗೆ ವಸೂಲಾತಿ, ಕ್ರಿಯಾ ಯೋಜನೆ ಇವುಗಳ ಕುರಿತು ನಾವು ಗಂಟೆಗಟ್ಟಲೆ ಚರ್ಚಿಸುತ್ತೇವೆ. ಇಂದು ನನಗೆ ವಹಿಸಿರುವ ವಿಷಯವು ನಾನು ಪಾಲ್ಗೊಂಡ ಯಾವ ಸಭೆಯ ಕಾರ್ಯಸೂಚಿಯಲ್ಲಿಯೂ ಈವರೆಗೆ ಬಂದಿಲ್ಲ. ಶಸ್ತ್ರಚಿಕಿತ್ಸೆಯ ಮೂಲಕ ಮಲ ಅಥವಾ ಮೂತ್ರ ಹೊರಬರಲು ಹೊಟ್ಟೆಯ ಮೇಲೆ ದಾರಿ ಮಾಡಿಸಿಕೊಂಡು, ಅದಕ್ಕೆ ಚೀಲ ಅಂಟಿಸಿಕೊಂಡು ಬದುಕುತ್ತಿರುವವರು ತಮ್ಮ ಆರೈಕೆಯನ್ನು ತಾವೇ ಮಾಡಿಕೊಳ್ಳುವಲ್ಲಿ ಮೊಬೈಲ್ ಫೋನು, ದೂರವೈದ್ಯ ಸೇವೆ ಮೊದಲಾದ ಡಿಜಿಟಲ್ ಸಾಧನಗಳು ಹೇಗೆ ನೆರವಾಗಬಲ್ಲವು ಎಂಬುದು ಆ ವಿಷಯ. ಅಂಥವರು ನಮ್ಮ ಊರಿನಲ್ಲಿ ಇದ್ದಾರೆಯೇ ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ಇದ್ದರೂ ಅವರು ಹೇಳಿಕೊಳ್ಳುವುದಿಲ್ಲ. ಜಾತ್ರೆಗೆ ಬರುವುದನ್ನು ನಿಲ್ಲಿಸಿದವರು, ಮದುವೆಯ ಮನೆಯಲ್ಲಿ ಊಟಕ್ಕೆ ಕೂರದೆ ಹೊರಟುಬಿಡುವವರು, ಮರುದಿನ ಬಸ್ಸು ಹತ್ತಬೇಕೆಂದರೆ ಹಿಂದಿನ ರಾತ್ರಿಯೇ ಉಪವಾಸ ಬೀಳುವವರು ಇವರಲ್ಲಿ ಇರಬಹುದು. ಗ್ರಾಮಸಭೆಗೆ ಏಕೆ ಬರುತ್ತಿಲ್ಲ ಎಂದು ಕೇಳಿದರೆ ‘ಮೈಯಲ್ಲಿ ಹುಷಾರಿಲ್ಲ’ ಎಂಬ ಒಂದೇ ಉತ್ತರ ದೊರೆಯುತ್ತದೆ.

ಮೊದಲು ಆರೋಗ್ಯ ಸ್ಥಿತಿಯ ಪರಿಚಯ. ದೊಡ್ಡ ಕರುಳಿನ ಅಥವಾ ಗುದದ ಕ್ಯಾನ್ಸರ್, ಕರುಳಿನ ಕ್ಷಯ, ಟೈಫಾಯ್ಡಿನಿಂದ ಕರುಳು ತೂತಾಗುವುದು, ಕರುಳು ತಿರುಚಿಕೊಳ್ಳುವುದು, ಅಪಘಾತದ ಪೆಟ್ಟು, ಹುಟ್ಟಿನಿಂದಲೇ ಗುದದ್ವಾರ ರೂಪುಗೊಳ್ಳದಿರುವುದು ಇಂಥ ಸಂದರ್ಭಗಳಲ್ಲಿ ಶಸ್ತ್ರವೈದ್ಯರು ಕರುಳಿನ ಒಂದು ತುದಿಯನ್ನು ಹೊಟ್ಟೆಯ ಗೋಡೆಯ ಮೂಲಕ ಹೊರತಂದು ಚರ್ಮಕ್ಕೆ ಹೊಲಿಯುತ್ತಾರೆ. ಈ ದ್ವಾರಕ್ಕೆ ‘ಸ್ಟೋಮಾ’ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಆ ಶಬ್ದಕ್ಕೆ ಬಾಯಿ ಎಂದೇ ಅರ್ಥ. ದೊಡ್ಡ ಕರುಳಿನಿಂದ ಮಾಡಿದ್ದು ಕೊಲೊಸ್ಟಮಿ, ಸಣ್ಣ ಕರುಳಿನಿಂದ ಮಾಡಿದ್ದು ಇಲಿಯೊಸ್ಟಮಿ, ಮೂತ್ರಕ್ಕಾಗಿ ಮಾಡಿದ್ದು ಯುರೊಸ್ಟಮಿ. ಎಲ್ಲವನ್ನೂ ಒಟ್ಟಾಗಿ ಆಸ್ಟಮಿ ಎನ್ನುತ್ತಾರೆ. ಆರೋಗ್ಯವಂತ ಸ್ಟೋಮಾ ಕೆನ್ನೆಯ ಒಳಭಾಗದಂತೆ ಕೆಂಪಗೆ, ತೇವವಾಗಿ ಇರುತ್ತದೆ, ಮುಟ್ಟಿದರೆ ನೋಯುವುದಿಲ್ಲ. ಆದರೆ ಅದಕ್ಕೆ ತಡೆಹಿಡಿಯುವ ಸ್ನಾಯುವಿಲ್ಲ. ಆದುದರಿಂದ ವಿಸರ್ಜನೆ ಯಾವಾಗ ಬರಬೇಕೆಂಬುದು ಆ ವ್ಯಕ್ತಿಯ ಇಚ್ಛೆಗೆ ಒಳಪಟ್ಟಿಲ್ಲ. ಚೀಲ ಬೇಕಾಗುವುದು ಈ ಕಾರಣಕ್ಕೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಆ ಮನೆಯಲ್ಲಿ ಊಟ ಮಾಡಬಹುದು, ಅವರ ಪಕ್ಕದಲ್ಲಿ ಕೂರಬಹುದು, ಅವರು ಅಡುಗೆ ಮಾಡಬಹುದು, ದೇವರ ಕೋಣೆಗೂ ಹೋಗಬಹುದು. ಇಷ್ಟನ್ನು ಸದಸ್ಯರಾದ ತಾವು ತಮ್ಮ ವಾರ್ಡಿನಲ್ಲಿ ಸಹಜವಾಗಿ ಹೇಳಿದರೂ ಅದು ಒಂದು ಔಷಧಿಯ ಕೆಲಸ ಮಾಡುತ್ತದೆ.

ತೊಂದರೆ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಫೋನಿನ ನಿಜವಾದ ಉಪಯೋಗ ಅಲ್ಲಿಯೇ ಇದೆ. ಚೀಲವನ್ನು ಚರ್ಮಕ್ಕೆ ಹಿಡಿದಿಡುವುದು ಅಂಟುಬಿಲ್ಲೆ. ಆಸ್ಪತ್ರೆಗಳಲ್ಲಿ ಇದನ್ನು ಫ್ಲೇಂಜ್ ಎನ್ನುತ್ತಾರೆ. ಅದರ ನಡುವೆ ಸ್ಟೋಮಾದ ಅಳತೆಗೆ ತಕ್ಕಂತೆ, ಸುಮಾರು 2ರಿಂದ 3 ಮಿಲಿಮೀಟರ್ ಮಾತ್ರ ಹೆಚ್ಚಿರುವಂತೆ, ರಂಧ್ರವನ್ನು ಕತ್ತರಿಸಿಕೊಳ್ಳಬೇಕು. ಶಸ್ತ್ರಚಿಕಿತ್ಸೆಯಾದ ಹೊಸದರಲ್ಲಿ ಸ್ಟೋಮಾ ಊದಿಕೊಂಡಿರುತ್ತದೆ. ಮುಂದಿನ 6ರಿಂದ 8 ವಾರಗಳಲ್ಲಿ ಅದು ಕುಗ್ಗುತ್ತದೆ. ಆದರೆ ಬಿಡುಗಡೆಯ ದಿನ ದಾದಿಯರು ಹೇಳಿಕೊಟ್ಟ ಅಳತೆಯೇ ಮನೆಯವರ ನೆನಪಿನಲ್ಲಿ ಉಳಿದಿರುತ್ತದೆ. ಅದೇ ಅಳತೆಗೆ ಕತ್ತರಿಸುತ್ತಾ ಹೋದರೆ ಸ್ಟೋಮಾದ ಸುತ್ತ ಚರ್ಮದ ಒಂದು ಬಳೆ ತೆರೆದು ಉಳಿಯುತ್ತದೆ. ಅಲ್ಲಿಗೆ ವಿಸರ್ಜನೆ ತಾಗಿ ಚರ್ಮ ಸುಡುತ್ತದೆ, ನೀರೊಸರುತ್ತದೆ. ಒಸರುವ ಚರ್ಮಕ್ಕೆ ಬಿಲ್ಲೆ ಹಿಡಿಯುವುದಿಲ್ಲ. ಹಿಡಿಯದಿದ್ದರೆ ಇನ್ನಷ್ಟು ಸೋರುತ್ತದೆ. ಸಣ್ಣ ಕರುಳಿನ ವಿಸರ್ಜನೆಯಲ್ಲಿ ಜೀರ್ಣರಸಗಳು ಇರುವುದರಿಂದ ಇಲಿಯೊಸ್ಟಮಿ ಇರುವವರಿಗೆ ಈ ಸುಡುವಿಕೆ ಬಹಳ ಬೇಗ ಆಗುತ್ತದೆ. ಆಗ ಮನೆಯಲ್ಲಿ ಮಾಡುವುದೇನು? ಉರಿ ತಣಿಯಲೆಂದು ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ಎಣ್ಣೆಯ ಮೇಲೆ ಬಿಲ್ಲೆ ನಿಲ್ಲುವ ಮಾತೇ ಇಲ್ಲ. ಕೊನೆಗೆ ಹಳೆಯ ಬಟ್ಟೆ ಸುತ್ತಿಕೊಂಡು ಮೂಲೆಯಲ್ಲಿ ಮಲಗುವ ಸ್ಥಿತಿ ಬರುತ್ತದೆ. ಕ್ಯಾನ್ಸರಿನಿಂದ ಪಾರಾಗಿ ಬಂದ ವ್ಯಕ್ತಿ ಎರಡು ಮಿಲಿಮೀಟರಿನ ಲೆಕ್ಕ ತಪ್ಪಿದ್ದಕ್ಕಾಗಿ ಮನೆಯ ಮೂಲೆ ಸೇರುತ್ತಾನೆ. ಇಂಜಿನಿಯರಿಂಗ್ ಓದಿದ ನನಗೆ ಇದು ಒಂದು ಕೊಳವೆಗೆ ತಪ್ಪು ಅಳತೆಯ ವಾಷರ್ ಹಾಕಿದಂತೆ ಕಾಣುತ್ತದೆ. ಆದರೆ ಇಲ್ಲಿ ಸೋರುವುದು ಒಬ್ಬರ ಮಾನ.

ಈ ತಪ್ಪನ್ನು ಕಂಡುಹಿಡಿಯಲು ತಿಳಿದವರ ಒಂದು ನೋಟ ಸಾಕು. ಸ್ಟೋಮಾ ಆರೈಕೆಯಲ್ಲಿ ತರಬೇತಿ ಪಡೆದ ದಾದಿಯರು ನಮ್ಮ ಹೋಬಳಿಗಳಲ್ಲಿ ಇಲ್ಲ. ದೊಡ್ಡ ಆಸ್ಪತ್ರೆಗಳಲ್ಲಿಯೂ ಅವರ ಸಂಖ್ಯೆ ಕಡಿಮೆ. ಅವರ ನೋಟವನ್ನು ಹಳ್ಳಿಗೆ ತರುವ ಸಾಧನವೆಂದರೆ ಫೋನಿನ ಕ್ಯಾಮೆರಾ. ಆದರೆ ಚಿತ್ರ ತೆಗೆಯುವುದಕ್ಕೂ ಒಂದು ಕ್ರಮವಿದೆ. ಹಗಲು ಬೆಳಕಿನಲ್ಲಿ, ಸ್ಟೋಮಾವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಚರ್ಮ ಪೂರ್ತಿ ಕಾಣುವಂತೆ ತೆಗೆಯಬೇಕು. ನಿಂತಾಗ ಒಂದು, ಕುಳಿತಾಗ ಒಂದು. ಏಕೆಂದರೆ ಕುಳಿತಾಗ ಹೊಟ್ಟೆಯಲ್ಲಿ ಬೀಳುವ ಮಡಿಕೆಯ ದಾರಿಯಲ್ಲಿಯೇ ಅನೇಕ ಸಲ ಸೋರಿಕೆ ಆಗುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟರೆ ಇನ್ನೂ ಒಳ್ಳೆಯದು. ಎಲ್ಲಕ್ಕಿಂತ ಮುಖ್ಯವಾಗಿ, ಕಿತ್ತ ಬಿಲ್ಲೆಯ ಹಿಂಬದಿಯ ಚಿತ್ರ ಬೇಕು. ಅಂಟು ಯಾವ ಕಡೆ ಕರಗಿದೆ, ವಿಸರ್ಜನೆ ಯಾವ ದಿಕ್ಕಿಗೆ ನುಸುಳಿದೆ ಎಂಬುದನ್ನು ಆ ಹಿಂಬದಿಯೇ ಹೇಳುತ್ತದೆ. ಅನುಭವಿ ದಾದಿಯು ಸ್ಟೋಮಾಕ್ಕಿಂತ ಮೊದಲು ಅದನ್ನೇ ನೋಡಬಹುದು. ಮನೆಯವರಾದರೋ ಅದನ್ನು ಮೊದಲು ಎಸೆದುಬಿಡುತ್ತಾರೆ. ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ಹೀಗೆ ಚಿತ್ರ ತೆಗೆದಿಟ್ಟರೆ, ದಿನಾಂಕಸಹಿತವಾಗಿ ಕುಗ್ಗುವಿಕೆಯ ಇತಿಹಾಸವೇ ಕೈಯಲ್ಲಿ ಇರುತ್ತದೆ. ಇದಕ್ಕೆ ವಿಶೇಷ ಆ್ಯಪ್ ಬೇಕಿಲ್ಲ.

ಆ್ಯಪ್‌ಗಳ ವಿಷಯಕ್ಕೆ ಬರೋಣ. ಆಸ್ಟಮಿ ಆರೈಕೆಗೆಂದೇ ರೂಪಿಸಿದ ಆ್ಯಪ್‌ಗಳು ಇವೆ. ಚೀಲ ಬದಲಿಸಿದ ದಿನ, ವಿಸರ್ಜನೆಯ ಪ್ರಮಾಣ, ಆಹಾರ ಇವನ್ನು ದಾಖಲಿಸುತ್ತವೆ. ಬಹುತೇಕ ಇಂಗ್ಲಿಷಿನಲ್ಲಿವೆ. ಇಂಗ್ಲೆಂಡಿನ ಮೈಕೆಲ್ ಸೆರೆಸ್ ಎಂಬವರು 2011ರಲ್ಲಿ ಕರುಳು ಕಸಿಗೆ ಒಳಗಾಗಿ, ಸ್ವತಃ ಚೀಲ ಧರಿಸಿ ಬದುಕುತ್ತಿದ್ದಾಗ, ಚೀಲ ತುಂಬುತ್ತಿರುವುದನ್ನು ಫೋನಿಗೆ ತಿಳಿಸುವ ಸಂವೇದಕವನ್ನು ರೂಪಿಸಿದರು. ರೋಗಿಯೇ ತನ್ನ ತೊಂದರೆಗೆ ಉಪಕರಣ ಕಂಡುಕೊಂಡ ಉದಾಹರಣೆಯಾಗಿ ಅದು ನನಗೆ ಮೆಚ್ಚುಗೆಯಾಗುತ್ತದೆ. ಆದರೂ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುವೆ: ಬಿಲ್ಲೆ ಕೊಳ್ಳುವುದಕ್ಕೇ ಹಣವಿಲ್ಲದ ಮನೆಗೆ ಸಂವೇದಕದ ಮಾತು ಇಂದು ಅನಗತ್ಯ. ನಮಗೆ ಸದ್ಯ ಬೇಕಾಗಿರುವುದು ಫೋನಿನಲ್ಲಿ ಈಗಾಗಲೇ ಇರುವ ಅಲಾರಾಂ, ಕ್ಯಾಮೆರಾ, ಧ್ವನಿ ಸಂದೇಶ ಮತ್ತು ವೀಡಿಯೊ ಕರೆ. ಅಕ್ಷರ ಬಾರದ ಅಜ್ಜಿಗೆ ಧ್ವನಿ ಸಂದೇಶಕ್ಕಿಂತ ದೊಡ್ಡ ತಂತ್ರಜ್ಞಾನ ಯಾವುದೂ ಇಲ್ಲ. ಬಿಲ್ಲೆಯನ್ನು ಸಾಮಾನ್ಯವಾಗಿ 3ರಿಂದ 5 ದಿನಕ್ಕೊಮ್ಮೆ ಬದಲಿಸಬೇಕಾಗುತ್ತದೆ. ಇಲಿಯೊಸ್ಟಮಿ ಇರುವವರಿಗೆ ಬೆಳಿಗ್ಗೆ ಏನನ್ನೂ ತಿನ್ನುವ ಮೊದಲು ವಿಸರ್ಜನೆ ಕಡಿಮೆ ಇರುವುದರಿಂದ ಅದೇ ಸರಿಯಾದ ಹೊತ್ತು. ಆ ದಿನ ಆ ಹೊತ್ತಿಗೆ ಒಂದು ಅಲಾರಾಂ. ಕಡೆಯ ಐದು ಬಿಲ್ಲೆ ಉಳಿದಾಗ ಹೊಸದನ್ನು ತರಿಸಲು ಇನ್ನೊಂದು. ಆನ್‌ಲೈನಿನಲ್ಲಿ ತರಿಸಿದ ಸಾಮಾನು ಎಲ್ಲ ಹಳ್ಳಿಗೂ ಎರಡು ದಿನದಲ್ಲಿ ಬರುವುದಿಲ್ಲವೆಂಬುದು ತಮಗೆ ಗೊತ್ತೇ ಇದೆ. ಬಂದ ಮೇಲೆ ಅದನ್ನು ತಗಡಿನ ಮಾಡಿನ ಕೆಳಗೆ ಇಡದೆ ತಂಪಾದ ಒಣ ಜಾಗದಲ್ಲಿಡಬೇಕು. ಏಪ್ರಿಲ್ ತಿಂಗಳ ಬಿಸಿಲಿಗೆ ಅಂಟು ಕೆಡುತ್ತದೆ.

ಜೀವಕ್ಕೆ ಅಪಾಯ ತರುವ ವಿಷಯ ಬೇರೊಂದಿದೆ. ದೊಡ್ಡ ಕರುಳು ನೀರನ್ನು ಮತ್ತು ಉಪ್ಪಿನಂಶವನ್ನು ಹೀರಿಕೊಳ್ಳುವ ಅಂಗ. ಇಲಿಯೊಸ್ಟಮಿ ಇರುವವರಲ್ಲಿ ಆಹಾರವು ಅಲ್ಲಿಗೆ ತಲಪುವ ಮೊದಲೇ ಹೊರಬರುತ್ತದೆ. ಭೇದಿ ಆದಾಗ, ಅಥವಾ ಬಿಸಿಲಿನಲ್ಲಿ ಕೆಲಸ ಮಾಡಿದಾಗ, ಬೇರೆಯವರಿಗೆ ಎರಡು ದಿನದಲ್ಲಿ ಆಗುವ ನಿರ್ಜಲೀಕರಣ ಇವರಿಗೆ ಕೆಲವೇ ಗಂಟೆಗಳಲ್ಲಿ ಆಗಬಹುದು. ದಿನದ ವಿಸರ್ಜನೆ ಸುಮಾರು 1.5 ಲೀಟರ್ ಮೀರಿದರೆ, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿದರೆ, ಎದ್ದು ನಿಂತಾಗ ತಲೆ ಸುತ್ತಿದರೆ, ಕಾಲಿನ ಸ್ನಾಯು ಹಿಡಿದರೆ ಅದು ಎಚ್ಚರಿಕೆಯ ಗಂಟೆ. ಇಲ್ಲಿ ಜನರ ಸಾಮಾನ್ಯ ತಿಳಿವಳಿಕೆ ಎಡವುತ್ತದೆ: ಚೆಂಬುಗಟ್ಟಲೆ ಬರಿ ನೀರು ಕುಡಿದರೆ ವಿಸರ್ಜನೆ ಇನ್ನೂ ಹೆಚ್ಚಿ, ಉಪ್ಪಿನಂಶ ಮತ್ತಷ್ಟು ಹೊರಹೋಗಬಹುದು. ಒಂದು ಲೀಟರ್ ನೀರಿಗೆ ಬೆರೆಸುವ ಓಆರ್‌ಎಸ್ ಪೊಟ್ಟಣವನ್ನು ಹೇಳಿದ ಅಳತೆಯಲ್ಲಿಯೇ ಬೆರೆಸಿ ಗುಟುಕು ಗುಟುಕಾಗಿ ಕುಡಿಯಬೇಕು. ಕೂಡಲೇ ವೈದ್ಯರನ್ನು ಸಂಪರ್ಕಿಸಬೇಕು. ಹೃದಯ, ಮೂತ್ರಪಿಂಡ, ಮಧುಮೇಹದ ತೊಂದರೆ ಇರುವವರು ಎಷ್ಟು ಕುಡಿಯಬೇಕೆಂಬುದನ್ನು ವೈದ್ಯರಿಂದ ಮೊದಲೇ ಕೇಳಿಟ್ಟುಕೊಂಡಿರಬೇಕು. ಚೀಲ ಮೂರನೇ ಒಂದು ಭಾಗ ತುಂಬಿದಾಗ ಖಾಲಿ ಮಾಡುವುದು ವಾಡಿಕೆ. ಪ್ರತಿ ಸಲ ಅಳತೆಯ ಲೋಟದಲ್ಲಿ ಅಂದಾಜು ಮಾಡಿ ಫೋನಿನಲ್ಲಿ ಧ್ವನಿಯಾಗಿಯೋ ಗೋಡೆಯ ಕ್ಯಾಲೆಂಡರಿನಲ್ಲಿ ಗೀಟಾಗಿಯೋ ದಾಖಲಿಸಿದರೆ, ದೂರದ ವೈದ್ಯರಿಗೆ ‘ತುಂಬ ಹೋಗುತ್ತಿದೆ’ ಎನ್ನುವ ಬದಲು ‘ನಿನ್ನೆಯಿಂದ ಎರಡು ಲೀಟರ್’ ಎಂದು ಹೇಳಬಹುದು. ಆ ಒಂದು ವಾಕ್ಯದಿಂದ ಚಿಕಿತ್ಸೆಯ ನಿರ್ಧಾರ ಬದಲಾಗುತ್ತದೆ. ನಿಧಾನವಾಗಿ ಕರಗುವ ಕೆಲವು ಮಾತ್ರೆಗಳು ಇವರಲ್ಲಿ ಕರಗದೆಯೇ ಚೀಲಕ್ಕೆ ಬೀಳುತ್ತವೆ. ಆದ್ದರಿಂದ ಯಾವುದೇ ಕಾಯಿಲೆಗೆ ಹೊಸ ವೈದ್ಯರನ್ನು ಕಂಡಾಗ ಮೊದಲು ಇಲಿಯೊಸ್ಟಮಿಯ ವಿಷಯ ತಿಳಿಸಬೇಕು.

ಫೋನಿಗಾಗಿ ಕಾಯಬಾರದ ಸಂದರ್ಭಗಳೂ ಇವೆ. ಸ್ಟೋಮಾ ಕಪ್ಪಾದರೆ ಅಥವಾ ನೇರಳೆ ಬಣ್ಣಕ್ಕೆ ತಿರುಗಿದರೆ, ರಕ್ತ ನಿಲ್ಲದೆ ಬಂದರೆ, ಇಲಿಯೊಸ್ಟಮಿಯಲ್ಲಿ ಹಲವು ಗಂಟೆಗಳಿಂದ ಏನೂ ಹೊರಬಾರದೆ ಹೊಟ್ಟೆನೋವು ಮತ್ತು ವಾಂತಿ ಇದ್ದರೆ, ಚಿತ್ರ ತೆಗೆದು ಉತ್ತರಕ್ಕೆ ಕಾಯುತ್ತಾ ಕೂರದೆ 108ಕ್ಕೆ ಕರೆ ಮಾಡಬೇಕು. ಸರಿಯಾಗಿ ಅಗಿಯದೆ ನುಂಗಿದ ಶೇಂಗಾ, ಮೆಕ್ಕೆಜೋಳ, ಹಸಿ ಕೊಬ್ಬರಿಯ ಚೂರು ಇಲಿಯೊಸ್ಟಮಿಯನ್ನು ಕಟ್ಟಬಲ್ಲವು. ನಮ್ಮ ಕಡೆಯ ಊಟದಲ್ಲಿ ಇವಿಲ್ಲದ ದಿನ ಕಡಿಮೆ. ಆಶಾ ಕಾರ್ಯಕರ್ತೆಯರು ಇದನ್ನು ಮನೆಯವರಿಗೆ ವಿಶೇಷವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಸರ್ಕಾರದ ವ್ಯವಸ್ಥೆಯಲ್ಲಿ ಈಗಾಗಲೇ ಏನಿದೆ? ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿಯು ಇ-ಸಂಜೀವಿನಿ ಮೂಲಕ ರೋಗಿಯನ್ನು ವೈದ್ಯರೊಂದಿಗೆ ವೀಡಿಯೊದಲ್ಲಿ ಮಾತನಾಡಿಸಬಹುದು. ಸ್ವಂತ ಫೋನಿನಿಂದಲೂ ಆ ಸೇವೆ ಪಡೆಯಲು ಅವಕಾಶವಿದೆ. ದೂರವೈದ್ಯಕ್ಕೆ ರಾಷ್ಟ್ರಮಟ್ಟದ ಮಾರ್ಗಸೂಚಿ 2020ರ ಮಾರ್ಚ್‌ನಲ್ಲಿಯೇ ಬಂದಿದೆ. ಆದರೆ ಇ-ಸಂಜೀವಿನಿಯಲ್ಲಿ ಸಿಗುವ ಸಾಮಾನ್ಯ ವೈದ್ಯರಿಗೆ ಬಿಲ್ಲೆಯ ಅಳತೆಯ ಸೂಕ್ಷ್ಮ ಗೊತ್ತಿರಲೇಬೇಕೆಂದಿಲ್ಲ. ಅದಕ್ಕೆ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಯ ವಾರ್ಡೇ ಸರಿ. ಆಸ್ಪತ್ರೆಯಿಂದ ಹೊರಡುವ ಮುನ್ನ ಯಾವ ಬಗೆಯ ಸ್ಟೋಮಾ, ತಾತ್ಕಾಲಿಕವೋ ಶಾಶ್ವತವೋ, ಯಾವ ಅಳತೆಯ ಯಾವ ಬಗೆಯ ಚೀಲ, ತೊಂದರೆಯಾದರೆ ಯಾವ ಸಂಖ್ಯೆಗೆ ಕರೆ ಮಾಡಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು ಬರಲು ಜನರಿಗೆ ಹೇಳಿಕೊಡಬೇಕು. 14 ಅಂಕಿಗಳ ಆಭಾ ಸಂಖ್ಯೆಗೆ ಬಿಡುಗಡೆಯ ಸಾರಾಂಶ ಜೋಡಣೆಯಾದರೆ ಕಾಗದ ಕಳೆದರೂ ದಾಖಲೆ ಉಳಿಯುತ್ತದೆ. ಆದರೆ ಯಾರಿಗೆ ಅದನ್ನು ತೋರಿಸಬೇಕೆಂಬ ಒಪ್ಪಿಗೆ ಆ ವ್ಯಕ್ತಿಯದೇ. ಸಾಮಾನ್ಯ ಸಲಹೆಗೆ 104 ಇದೆ. ಚೀಲ ಬಂದ ಮೇಲೆ ಊಟ ಬಿಟ್ಟವರು, ಮಾತು ಬಿಟ್ಟವರು, ಬದುಕೇ ಬೇಡವೆನ್ನುವವರು ಇದ್ದಾರೆ. ಅವರಿಗಾಗಿ ಟೆಲಿ-ಮಾನಸ್ 14416. ಕನ್ನಡದಲ್ಲಿ ಮಾತನಾಡಬಹುದು, ಶುಲ್ಕವಿಲ್ಲ.

ಇನ್ನೊಂದು ಬಗೆಯ ನೆರವು ವೈದ್ಯರಿಂದ ಬರುವುದಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಡಾ. ರೂಪರ್ಟ್ ಟರ್ನ್‌ಬುಲ್ ಅವರಿಂದ ಶಸ್ತ್ರಚಿಕಿತ್ಸೆಗೊಳಗಾಗಿದ್ದ ನಾರ್ಮಾ ಗಿಲ್ ಎಂಬ ಗೃಹಿಣಿ 1958ರಲ್ಲಿ ಅದೇ ಆಸ್ಪತ್ರೆಯಲ್ಲಿ ಇತರ ರೋಗಿಗಳಿಗೆ ಚೀಲದ ಆರೈಕೆ ಕಲಿಸಲು ನಿಂತರು. ಸ್ಟೋಮಾ ಆರೈಕೆ ಎಂಬ ವೃತ್ತಿಯೇ ಹುಟ್ಟಿದ್ದು ಹೀಗೆ, ಒಬ್ಬ ರೋಗಿಯಿಂದ. ನಮ್ಮ ದೇಶದಲ್ಲಿಯೂ ಮುಂಬೈಯಲ್ಲಿ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಎಂಬ ಸಂಸ್ಥೆ ಇದೆ. ಚೀಲ ಧರಿಸಿದವರೇ ಹೊಸಬರಿಗೆ ಧೈರ್ಯ ಹೇಳುತ್ತಾರೆ. ಒಂದು ತಾಲ್ಲೂಕಿನಲ್ಲಿ ಇಂಥವರು ಬೆರಳೆಣಿಕೆಯಷ್ಟು ಇದ್ದರೂ ಪರಸ್ಪರ ಭೇಟಿಯಾಗುವ ಸಂಭವ ಕಡಿಮೆ. ಆದರೆ ಫೋನಿನಲ್ಲಿ ಮಾತನಾಡಬಹುದು. ‘ನಾನು ಹತ್ತು ವರ್ಷದಿಂದ ಹೊಲದ ಕೆಲಸ ಮಾಡುತ್ತಿದ್ದೇನೆ’ ಎಂದು ಅದೇ ಸ್ಥಿತಿಯ ಇನ್ನೊಬ್ಬ ರೈತ ಹೇಳಿದರೆ ಬರುವ ನಂಬಿಕೆ, ನನ್ನಂಥ ಅಧಿಕಾರಿ ಒಂದು ಗಂಟೆ ಭಾಷಣ ಮಾಡಿದರೂ ಬಾರದು. ಇಬ್ಬರ ಒಪ್ಪಿಗೆಯನ್ನೂ ಪಡೆದು ಹೀಗೆ ಜೋಡಿಸುವ ಕೆಲಸವನ್ನು ಸಮುದಾಯ ಆರೋಗ್ಯ ಅಧಿಕಾರಿಗಳು ಮಾಡಬಲ್ಲರು.

ಈಗ ಸದಸ್ಯರಲ್ಲಿ ಕೈಮುಗಿದು ಕೇಳುವ ಮಾತು. ನಮಗೆ ಪಟ್ಟಿ ಮಾಡುವ ಅಭ್ಯಾಸವಿದೆ. ಫಲಾನುಭವಿಗಳ ಪಟ್ಟಿ ಓದುತ್ತೇವೆ, ಸೂಚನಾ ಫಲಕಕ್ಕೆ ಅಂಟಿಸುತ್ತೇವೆ, ನೆರವು ಕೊಡುವಾಗ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತೇವೆ. ಮನೆ ಹಂಚಿಕೆಯಲ್ಲಿ ಅದು ಪಾರದರ್ಶಕತೆ. ಇಲ್ಲಿ ಅದು ಹಿಂಸೆ. ಯಾವ ಗ್ರಾಮಸಭೆಯಲ್ಲಿಯೂ ಚೀಲ ಧರಿಸಿದವರ ಹೆಸರನ್ನು ಕಾಯಿಲೆಯ ಸಮೇತ ಓದಬಾರದು. ಚೀಲದ ಪೊಟ್ಟಣ ಕೊಡುವ ಫೋಟೊ ಯಾವ ಗುಂಪಿಗೂ ಹೋಗಬಾರದು. ಆರೋಗ್ಯದ ಮಾಹಿತಿ ಆ ವ್ಯಕ್ತಿಯ ಸ್ವತ್ತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ. ಕಾಯ್ದೆ ಇಲ್ಲದಿದ್ದರೂ ಇದು ನಮಗೆ ತಿಳಿಯಬೇಕಾದ ವಿಷಯ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅನೇಕ ಮನೆಗಳಲ್ಲಿ ‘ತಾಯಿಯ ಫೋನು’ ಎಂಬುದು ವಾಸ್ತವದಲ್ಲಿ ಮಗನ ಫೋನು. ತನ್ನ ಹೊಟ್ಟೆಯ ಚಿತ್ರವನ್ನು ಮಗನ ಫೋನಿನಲ್ಲಿ ತೆಗೆಯಲು ಯಾವ ತಾಯಿ ಒಪ್ಪಿಯಾಳು? ತೆಗೆದರೂ ಅದು ಗ್ಯಾಲರಿಯಲ್ಲಿ ಉಳಿಯುತ್ತದೆ, ಮೊಮ್ಮಕ್ಕಳು ಫೋನಿನಲ್ಲಿ ಆಟವಾಡುವಾಗ ತೆರೆದುಕೊಳ್ಳುತ್ತದೆ. ಆದ್ದರಿಂದ ಆರೋಗ್ಯ ಮಂದಿರದಲ್ಲಿ ಬಾಗಿಲು ಮುಚ್ಚುವ ಒಂದು ಕೋಣೆ, ಒಂದು ಪರದೆ, ಒಳ್ಳೆಯ ಬೆಳಕು, ನೆಟ್‌ವರ್ಕ್ ಇರುವ ಒಂದು ಜಾಗ ಮತ್ತು ಮಹಿಳಾ ಸಿಬ್ಬಂದಿ ಇರುವ ಒಂದು ನಿಗದಿತ ದಿನ ಬೇಕು. ಚಿತ್ರ ಕಳುಹಿಸಿದ ಮೇಲೆ ಆ ಮಹಿಳೆಯ ಎದುರಿನಲ್ಲಿಯೇ ಅದನ್ನು ಫೋನಿನಿಂದ ಅಳಿಸಬೇಕು. ‘ಅಳಿಸಿದ್ದೇನೆ’ ಎಂದು ಬಾಯಲ್ಲಿ ಹೇಳಿದರೆ ಸಾಲದು, ತೋರಿಸಬೇಕು. ಉಪಕೇಂದ್ರದ ಕಟ್ಟಡದಲ್ಲಿ ವಿದ್ಯುತ್ತು, ಇಂಟರ್‌ನೆಟ್ ಸಂಪರ್ಕ, ಬಾಗಿಲ ಚಿಲಕ ಸರಿಯಿದೆಯೇ ಎಂದು ನೋಡುವುದು ಪಂಚಾಯತಿಗೆ ಸಾಧ್ಯವಿರುವ ಕೆಲಸ.

ನೀರಿನ ಮಾತನ್ನು ನಾನು ಕೊನೆಗೆ ಉಳಿಸಿಕೊಂಡಿದ್ದಕ್ಕೆ ಕಾರಣವಿದೆ. ಅತ್ಯುತ್ತಮ ವೀಡಿಯೊ ಸಲಹೆ ಪಡೆದ ವ್ಯಕ್ತಿಗೂ ಚೀಲ ಖಾಲಿ ಮಾಡಲು ಮನೆಯಲ್ಲಿ ಶೌಚಾಲಯ ಬೇಕು, ಶೌಚಾಲಯದಲ್ಲಿ ನೀರು ಬೇಕು, ಕೈ ತೊಳೆಯಲು ಸಾಬೂನು ಬೇಕು. ನಲ್ಲಿ ಸಂಪರ್ಕವಿದ್ದರೂ ಮೂರು ದಿನಕ್ಕೊಮ್ಮೆ ನೀರು ಬಿಡುವ ಬೀದಿಯಲ್ಲಿ ಇಂಥ ಮನೆ ಇದ್ದರೆ, ಕಾರಣ ಹೇಳದೆಯೇ ಆ ಬೀದಿಯ ಸರದಿಯನ್ನು ಸರಿಪಡಿಸಬಹುದು. ಶೌಚಾಲಯ ಇಲ್ಲದ ಮನೆಗೆ ಆದ್ಯತೆ ಕೊಡಬಹುದು. ಬಳಸಿದ ಚೀಲದ ವಿಲೇವಾರಿಯಂತೂ ನೇರವಾಗಿ ನಮ್ಮದೇ ಕೆಲಸ. ಒಳಗಿರುವುದನ್ನು ಶೌಚಾಲಯದಲ್ಲಿ ಖಾಲಿ ಮಾಡಿ, ಚೀಲವನ್ನು ಮಾತ್ರ ಕಾಗದದಲ್ಲಿ ಸುತ್ತಿ ನೈರ್ಮಲ್ಯ ತ್ಯಾಜ್ಯದ ಜೊತೆ ಪ್ರತ್ಯೇಕವಾಗಿ ಕೊಡಬೇಕು. ಶೌಚದ ಗುಂಡಿಗೆ ಹಾಕಿದರೆ ಕೊಳವೆ ಕಟ್ಟುತ್ತದೆ, ಒಲೆಗೆ ಹಾಕಿದರೆ ಪ್ಲಾಸ್ಟಿಕ್ಕಿನ ವಿಷದ ಹೊಗೆ. ನಾನು ಮಾತನಾಡಿಸಿದ ಒಂದು ಮನೆಯವರು ರಾತ್ರಿ ಹೊತ್ತು ಹಳ್ಳದ ಬದಿಯಲ್ಲಿ ಹೂಳುತ್ತಿದ್ದರು. ಕಸದ ಗಾಡಿಗೆ ಕೊಟ್ಟರೆ ಬಿಚ್ಚಿ ನೋಡಿಯಾರೆಂಬ ಭಯ ಅವರಿಗೆ. ಸ್ವಚ್ಛವಾಹಿನಿಯ ಸಹೋದರಿಯರಿಗೆ ಕೈಗವಸು ಕೊಟ್ಟು, ಸುತ್ತಿದ ಪೊಟ್ಟಣವನ್ನು ಬಿಚ್ಚದೆ ಸಾಗಿಸಬೇಕೆಂದು ತರಬೇತಿಯಲ್ಲಿ ಒಂದು ಮಾತು ಸೇರಿಸಿದರೆ ಆ ಭಯ ಹೋಗುತ್ತದೆ.

ಹಣಕಾಸಿನ ಬಗ್ಗೆ ಸ್ಪಷ್ಟತೆ ಇರಲಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ರಕ್ಷಣೆ ಇದೆ. ಶಸ್ತ್ರಚಿಕಿತ್ಸೆಗೆ ಅದು ದೊಡ್ಡ ಆಸರೆ. ಆದರೆ ಮನೆಗೆ ಬಂದ ಮೇಲೆ ತಿಂಗಳು ತಿಂಗಳೂ ಬೇಕಾಗುವ ಚೀಲ, ಬಿಲ್ಲೆಗಳ ಖರ್ಚು ಸಾಮಾನ್ಯವಾಗಿ ಕುಟುಂಬದ ಹೆಗಲಿಗೇ ಬೀಳುತ್ತದೆ. ಒಂದು ಬಿಲ್ಲೆಯನ್ನು ಹತ್ತು ದಿನ ಎಳೆಯುವುದಕ್ಕೆ ಅಜ್ಞಾನವಷ್ಟೇ ಕಾರಣವಲ್ಲ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ವಿಧದ ವೈಕಲ್ಯಗಳ ಪಟ್ಟಿಯಲ್ಲಿ ಆಸ್ಟಮಿಯ ಹೆಸರಿಲ್ಲ. ಹೀಗಾಗಿ ಸ್ವಂತ ಸಂಪನ್ಮೂಲದಲ್ಲಿ ವಿಕಲಚೇತನರಿಗಾಗಿ ಮೀಸಲಿಡುವ ಶೇ. 5ರ ಮೊತ್ತದಿಂದ ಚೀಲ ಕೊಡಿಸುತ್ತೇವೆಂದು ತಾವು ಭರವಸೆ ಕೊಡುವ ಮೊದಲು ಯೋಚಿಸಬೇಕು. ಅದೇ ವ್ಯಕ್ತಿಗೆ ಪಟ್ಟಿಯಲ್ಲಿರುವ ಬೇರೆ ವೈಕಲ್ಯವಿದ್ದು ಯುಡಿಐಡಿ ಕಾರ್ಡು ಇದ್ದರೆ ಆ ದಾರಿ ತೆರೆದಿರುತ್ತದೆ. ಉಳಿದವರಿಗೆ ದಾನಿಗಳ ನೆರವನ್ನು, ಜಿಲ್ಲಾ ಆಸ್ಪತ್ರೆಯ ಮೂಲಕ ಸಿಗಬಹುದಾದ ಸಾಮಗ್ರಿಯನ್ನು ವಿಚಾರಿಸಬೇಕು. ಸ್ವಂತ ನಿಧಿಯಿಂದ ಏನನ್ನಾದರೂ ಮಾಡಬೇಕೆಂದರೆ ನಿಯಮದ ಮಿತಿಯಲ್ಲಿ, ಸಾಮಾನ್ಯ ಸಭೆಯ ನಿರ್ಣಯದೊಂದಿಗೆ, ಹೆಸರು ಬಹಿರಂಗವಾಗದಂತೆ ಮಾಡಬೇಕು. ಈ ಪಟ್ಟಿಗೆ ಆಸ್ಟಮಿ ಸೇರಬೇಕೆಂದು ನನ್ನ ವೈಯಕ್ತಿಕ ಅಭಿಪ್ರಾಯ. ಉದ್ಯೋಗ ಖಾತರಿ ಕಾಮಗಾರಿಯಲ್ಲಿ ಇವರು ಕೆಲಸ ಕೇಳಿ ಬಂದರೆ ಭಾರ ಹೊರಿಸಬೇಡಿ. ಹೊಟ್ಟೆಯ ಗೋಡೆ ಸಡಿಲಗೊಂಡ ಜಾಗದಲ್ಲಿ ಹರ್ನಿಯಾ ಆಗುವ ಸಂಭವವಿದೆ. ನೀರು ಕೊಡುವ, ಹಾಜರಿ ನೋಡಿಕೊಳ್ಳುವ ಕೆಲಸ ಕೊಡಬಹುದು.

ತಾತ್ಕಾಲಿಕ ಸ್ಟೋಮಾದ ಕುರಿತು ಒಂದು ಮಾತು. ಕೆಲವರಿಗೆ ವೈದ್ಯರು ಕೆಲವು ತಿಂಗಳ ನಂತರ ಕರುಳನ್ನು ಮತ್ತೆ ಒಳಗೆ ಜೋಡಿಸುವುದಾಗಿ ಹೇಳಿರುತ್ತಾರೆ. ಗುದದ್ವಾರವಿಲ್ಲದೆ ಹುಟ್ಟಿದ ಶಿಶುಗಳಲ್ಲಿ ಅನೇಕ ಸಲ ಇದು ಹಂತ ಹಂತದ ಚಿಕಿತ್ಸೆ. ಸುಗ್ಗಿ ಬಂತು, ಹಣ ಹೊಂದಲಿಲ್ಲ, ಹಾಳೆ ಕಳೆಯಿತು ಎಂದು ದಿನಾಂಕ ದಾಟಿದರೆ, ತೆಗೆಯಬಹುದಾದ ಚೀಲವೂ ವರ್ಷಗಟ್ಟಲೆ ಉಳಿದುಬಿಡುತ್ತದೆ. ಆಶಾ ಕಾರ್ಯಕರ್ತೆಯ ಫೋನಿನಲ್ಲಿ ಒಂದು ದಿನಾಂಕದ ಜ್ಞಾಪನೆ ಇದ್ದರೆ, ಆ ಮಗು ಶಾಲೆಗೆ ಸೇರುವ ಹೊತ್ತಿಗೆ ಚೀಲವಿಲ್ಲದೆ ಹೋಗಲು ಅವಕಾಶವಾಗಬಹುದು. ಇಂದಿನ ಮಾತಿನಲ್ಲಿ ಒಂದನ್ನೇ ಆರಿಸಿ ನಾಳೆಯೇ ಜಾರಿಗೆ ತರುವುದಾದರೆ ನಾನು ಇದನ್ನೇ ಆರಿಸುತ್ತೇನೆ.

ಊಟದ ವಿರಾಮದಲ್ಲಿ ಸದಸ್ಯರೊಬ್ಬರು, ಯೂಟ್ಯೂಬಿನಲ್ಲಿ ಸ್ಟೋಮಾ ತಾನಾಗಿಯೇ ಮುಚ್ಚಿಹೋಗುವ ಕಷಾಯ ತೋರಿಸುತ್ತಾರಲ್ಲ, ಅದು ನಿಜವೇ ಎಂದು ಕೇಳಿದರು. ನಿಜವಲ್ಲ. ಶಸ್ತ್ರಚಿಕಿತ್ಸೆಯಿಂದ ಮಾಡಿದ ಸ್ಟೋಮಾವನ್ನು ಮುಚ್ಚುವುದು ಶಸ್ತ್ರಚಿಕಿತ್ಸೆಯಿಂದಲೇ. ಡಿಜಿಟಲ್ ಸಾಧನದಲ್ಲಿ ಒಳ್ಳೆಯ ಸಲಹೆ ಬರುವ ಬಾಗಿಲಿನಿಂದಲೇ ಇಂಥದ್ದೂ ಬರುತ್ತದೆ. ಸ್ಟೋಮಾ ಆರೈಕೆಯ ವೀಡಿಯೊ ನೋಡಬೇಕೆನ್ನುವವರಿಗೆ ತಮ್ಮ ಆಸ್ಪತ್ರೆಯ ದಾದಿಯರು ಸೂಚಿಸಿದ್ದನ್ನೇ ನೋಡಲು ಹೇಳಿ. ಅರಿವು ಕೇಂದ್ರದ ಗ್ರಂಥಪಾಲಕರು ಅದನ್ನು ಹುಡುಕಿ ಕೊಡಬಲ್ಲರು. ನೋಡುವಾಗ ಇಯರ್‌ಫೋನ್ ಒಂದನ್ನು ಕೊಟ್ಟು, ಪರದೆ ಬೇರೆಯವರ ಕಡೆ ತಿರುಗದಂತೆ ಕೂರಿಸಿದರೆ ಆಯಿತು.

ಮುಂದಿನ ಸಾಮಾಜಿಕ ನ್ಯಾಯ ಸಮಿತಿಯ ಸಭೆಗೆ ಸಮುದಾಯ ಆರೋಗ್ಯ ಅಧಿಕಾರಿಯನ್ನು ಆಹ್ವಾನಿಸಿ, ಹೆಸರುಗಳಿಲ್ಲದೆ ಸಂಖ್ಯೆಯನ್ನಷ್ಟೇ ಕೇಳಿ, ಕೋಣೆ, ನೀರು ಮತ್ತು ತ್ಯಾಜ್ಯ ಸಾಗಣೆಯ ಬಗ್ಗೆ ಏನು ಬೇಕೆಂದು ನಡಾವಳಿಯಲ್ಲಿ ದಾಖಲಿಸುವಂತೆ ಎಲ್ಲ ಅಧ್ಯಕ್ಷರಲ್ಲಿ ವಿನಂತಿಸುತ್ತೇನೆ.